ಓಡುವ ನಾಯಿ, ನೆಗೆಯುವ ಕುದುರೆಗೆ ಹಳೆಯ ನಿಕಾನ್ ಡಿ500 ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ಸಾಕು. ಮಲೆನಾಡಿನಲ್ಲಿ ಇದ್ದುಕೊಂಡು ಓಡುವ ಪ್ರಾಣಿಗಳ ಫೋಟೋ ತೆಗೆಯಬೇಕು, ಕೈಯಲ್ಲಿ ತುಂಬಾ ದುಡ್ಡಿಲ್ಲ ಅನ್ನುವವರಿಗೆ ಇವತ್ತಿಗೂ ನಾನು ಹೇಳುವುದು ಇದೇ ಜೋಡಿ. ನಿಕಾನ್ ಡಿ500 ಕ್ಯಾಮೆರಾ, ಅದರ ಮುಂದೆ ನಿಕಾನಿನದೇ 70-200 ಎಫ್ 2.8 ಲೆನ್ಸ್, ವಿಆರ್ 2 ಮಾದರಿ. 70-200 ಅಂದರೆ ದೂರದ್ದನ್ನು ಹತ್ತಿರ ತರುವ ಜೂಮ್, ಎಫ್ ಅಂಕಿ ಸಣ್ಣದಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ, ವಿಆರ್ ಅಂದರೆ ಕೈ ನಡುಕ ತಡೆಯುವ ವ್ಯವಸ್ಥೆ. ಕ್ಯಾಮೆರಾ 2016ರದ್ದು, ಲೆನ್ಸ್ 2009ರದ್ದು. ಎರಡನ್ನೂ ಈಗ ಸೆಕೆಂಡ್ ಹ್ಯಾಂಡ್‌ನಲ್ಲೇ ಹುಡುಕಬೇಕು. ನಾನು ತೆಗೆದುಕೊಂಡದ್ದೂ ಹಾಗೆಯೇ. ಎರಡೂ ಸೇರಿ ಒಂದು ಲಕ್ಷದ ಮೇಲೆ ಸ್ವಲ್ಪ ಬಿತ್ತು.

ನಾನು ತೀರ್ಥಹಳ್ಳಿ ಕಡೆಯವನು. ಅಡಿಕೆ ತೋಟ ಇದೆ, ಮದುವೆ ಫೋಟೋಗೂ ಹೋಗುತ್ತೇನೆ. ಆದರೆ ಈಚೆಗೆ ಜನ ಜಾಸ್ತಿ ಕರೆಯುವುದು ನಾಯಿ, ಕುದುರೆ ಫೋಟೋಗೆ. ಹೊಸನಗರ, ಸಾಗರ, ಕೊಪ್ಪದ ಕಡೆ ತೋಟದ ಮನೆಗಳಲ್ಲಿ ಒಳ್ಳೊಳ್ಳೆ ನಾಯಿಗಳಿವೆ. ಶಿವಮೊಗ್ಗದ ಸುತ್ತಮುತ್ತ ಕುದುರೆ ಸವಾರಿ ಕಲಿಸುವವರಿದ್ದಾರೆ, ಮೆರವಣಿಗೆಗೆ ಅಂತ ಕುದುರೆ ಸಾಕಿಕೊಂಡವರಿದ್ದಾರೆ. ಅವರಿಗೆಲ್ಲ ಬೇಕಾಗುವುದು ಕೂತ ಫೋಟೋ ಅಲ್ಲ. ಅಂಥದ್ದು ಅವರ ಮೊಬೈಲಿನಲ್ಲೇ ರಾಶಿ ಇರುತ್ತದೆ. ನಾಯಿ ಗದ್ದೆ ಅಂಚು ಹಾರುವುದು, ಕೆರೆಯಿಂದ ಎದ್ದು ಬಂದು ಮೈ ಕೊಡವುವುದು, ಕುದುರೆ ನಾಲ್ಕೂ ಕಾಲು ನೆಲ ಬಿಟ್ಟು ತೇಲುವುದು, ಅದು ಬೇಕು. ಮೊಬೈಲಿನಲ್ಲಿ ಅದು ಸಿಗುವುದಿಲ್ಲ. ಅದಕ್ಕೇ ನಮ್ಮಂಥವರಿಗೆ ಕೆಲಸ.

ನಮ್ಮ ಕಡೆ ಈ ಕೆಲಸಕ್ಕೆ ಮೊದಲ ತೊಡಕು ಬೆಳಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಬಿಡುವುದಿಲ್ಲ. ಆಗುಂಬೆ ಕಡೆ ಮಧ್ಯಾಹ್ನವೇ ಮನೆಯೊಳಗೆ ದೀಪ ಹಾಕಿಕೊಂಡಿರುತ್ತಾರೆ. ಬೇಸಿಗೆಯಲ್ಲೂ ತೋಟದೊಳಗೆ ಕಾಲಿಟ್ಟರೆ ಸೋಗೆಯ ನೆರಳು, ನಡುನಡುವೆ ಚೂರು ಚೂರು ಬಿಸಿಲು. ಓಡುವ ನಾಯಿ ಮಸುಕಾಗದೆ ನಿಲ್ಲಬೇಕಾದರೆ ಶಟರ್ ವೇಗ 1/1600 ಸೆಕೆಂಡ್ ಆದರೂ ಬೇಕು, 1/2000 ಇದ್ದರೆ ಇನ್ನೂ ಒಳ್ಳೆಯದು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿ ಒಂದು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. 1/500ರಲ್ಲಿ ಶಟರ್ ತೆರೆದು ಮುಚ್ಚುವಷ್ಟರಲ್ಲಿ ಎರಡು ಸೆಂಟಿಮೀಟರ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. 1/2000ರಲ್ಲಿ ಅದು ಅರ್ಧ ಸೆಂಟಿಮೀಟರ್‌ಗೆ ಇಳಿಯುತ್ತದೆ. ಮುಂದಕ್ಕೆ ಬೀಸುವ ಕಾಲು ಮೈಗಿಂತ ಜೋರಾಗಿ ಚಲಿಸುವುದರಿಂದ ಅದಕ್ಕೆ ಇಷ್ಟೂ ಕಡಿಮೆಯೇ.

ಇಲ್ಲಿ ಎಫ್ 2.8ರ ಬೆಲೆ ಗೊತ್ತಾಗುತ್ತದೆ. ಮಳೆಗಾಲದ ಸಂಜೆ ಅಂಗಳದಲ್ಲಿ 1/1600, ಎಫ್ 2.8, ಐಎಸ್‌ಒ 3200 ಇಟ್ಟರೆ ಫೋಟೋ ಬರುತ್ತದೆ. ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಚುರುಕು ಅನ್ನುವ ಅಂಕಿ. ಅದೇ ಜಾಗದಲ್ಲಿ ಎಫ್ 5.6 ಲೆನ್ಸ್ ಹಾಕಿದರೆ ಐಎಸ್‌ಒ 12800ಕ್ಕೆ ಹೋಗಬೇಕು. ಡಿ500ರಲ್ಲಿ 6400ರವರೆಗೂ ನಾನು ಧೈರ್ಯವಾಗಿ ಪ್ರಿಂಟ್ ಹಾಕಿಸಿ ಕೊಡುತ್ತೇನೆ. ಅದರಾಚೆ ಕರಿ ನಾಯಿಯ ಕೂದಲು ಒಂದಕ್ಕೊಂದು ಮೆತ್ತಿಕೊಂಡಂತೆ ಕಾಣಲು ಶುರುವಾಗುತ್ತದೆ. ಬಿಸಿಲಿನ ಊರಿನಲ್ಲಿ ಕೂತು ವಿಮರ್ಶೆ ಮಾಡುವವರು ಅಗ್ಗದ, ಹಗುರದ ಲೆನ್ಸ್ ಸಾಕು ಅನ್ನುತ್ತಾರೆ. ಅವರ ಊರಿಗೆ ಅದು ಸರಿ. ನಮ್ಮೂರಿಗೆ ಸಾಲದು.

ಎರಡನೆಯದು ಫೋಕಸ್. ಡಿ500ರ ನಿಜವಾದ ಬಲ ಇರುವುದೇ ಇಲ್ಲಿ. ಅದೇ ವರ್ಷ ಬಂದ ನಿಕಾನಿನ ದೊಡ್ಡ ಕ್ಯಾಮೆರಾ ಡಿ5ಕ್ಕೆ ಹಾಕಿದ್ದ ಫೋಕಸ್ ಯಂತ್ರವನ್ನೇ ಇದಕ್ಕೂ ಹಾಕಿದರು. ಫೋಕಸ್ ಹಿಡಿಯುವ 153 ಪಾಯಿಂಟ್, ಅದರಲ್ಲಿ 99 ಕ್ರಾಸ್ ಮಾದರಿಯವು, ಅಂದರೆ ಅಡ್ಡಗೆರೆ, ಉದ್ದಗೆರೆ ಎರಡನ್ನೂ ಗುರುತಿಸುವಂಥವು. ಇದರ ಸೆನ್ಸರ್, ಅಂದರೆ ಚಿತ್ರ ಹಿಡಿಯುವ ಫಲಕ, ಚಿಕ್ಕದು, ಹಾಗಾಗಿ ಆ ಪಾಯಿಂಟ್‌ಗಳು ಫ್ರೇಮಿನ ಎಡತುದಿಯಿಂದ ಬಲತುದಿಯವರೆಗೆ ಹರಡಿಕೊಂಡಿವೆ. ಕಾಗದದ ಮೇಲೆ ಓದಿದರೆ ಇದು ಸುಮ್ನೆ ಒಂದು ಅಂಕಿ. ಗದ್ದೆಯಲ್ಲಿ ಹಾಗಲ್ಲ. ಎದುರಿಗೆ ಓಡಿ ಬರುವ ಕುದುರೆಯ ತಲೆ ಫ್ರೇಮಿನ ನಡುವೆ ಇರುವುದಿಲ್ಲ, ಮೇಲೆ ಒಂದು ಬದಿಗೆ ಇರುತ್ತದೆ. ಪಾಯಿಂಟ್‌ಗಳೆಲ್ಲ ನಡುವೆಯೇ ಗುಂಪಾಗಿರುವ ಕ್ಯಾಮೆರಾ ಆದರೆ ಫೋಕಸ್ ಎದೆಯ ಮೇಲೆ ಕೂರುತ್ತದೆ, ಕಣ್ಣು ಮಸುಕಾಗುತ್ತದೆ. ಕಣ್ಣು ಹೋಯಿತು ಅಂದರೆ ಫೋಟೋ ಹೋಯಿತು.

ಮಸುಕಾಗಲು ಎಷ್ಟು ಅಂತರ ಸಾಕು ಅಂತೀರಿ? 200ರಲ್ಲಿ, ಎಫ್ 2.8ರಲ್ಲಿ, ನಾಯಿ 10 ಮೀಟರ್ ದೂರದಲ್ಲಿದ್ದಾಗ ಫೋಕಸ್‌ನಲ್ಲಿ ಇರುವ ಜಾಗದ ಆಳ ಸುಮಾರು 28 ಸೆಂಟಿಮೀಟರ್. ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಲ್ಯಾಬ್ರಡಾರ್ ಆದರೆ ಮೂಗಿನಿಂದ ಕಿವಿವರೆಗೆ ಅದರೊಳಗೆ ಬರುತ್ತದೆ. ಉದ್ದ ಮುಖದ ಕುದುರೆ ಅಷ್ಟು ಹತ್ತಿರ ಬಂದರೆ ಬರುವುದಿಲ್ಲ. ಕುದುರೆಗೆ ನಾನು ಎಫ್ 4 ಇಡುತ್ತೇನೆ, ಬೆಳಕು ಇದ್ದರೆ.

ಸೆಟ್ಟಿಂಗ್ ಕೇಳುವವರಿಗೆ: ಫೋಕಸ್ ಅನ್ನು ಶಟರ್ ಬಟನ್‌ನಿಂದ ಬಿಡಿಸಿ ಹಿಂದಿನ ಎಎಫ್-ಆನ್ ಬಟನ್‌ಗೆ ಕೊಟ್ಟಿದ್ದೇನೆ. ಎದುರಿಗೆ ಬರುವ ನಾಯಿಗೆ ಗ್ರೂಪ್ ಏರಿಯಾ. ಅದು ತನ್ನ ಚೌಕದೊಳಗೆ ಹತ್ತಿರ ಇರುವುದನ್ನು ಹಿಡಿಯುತ್ತದೆ, ಬೋಳು ನೆಲದಲ್ಲಿ ಅದು ನಾಯಿಯ ಮುಖವೇ. ಎತ್ತರದ ಹುಲ್ಲಿನಲ್ಲಿ ಮಾತ್ರ ಗ್ರೂಪ್ ಬೇಡ, ಹುಲ್ಲನ್ನೇ ಹಿಡಿದುಬಿಡುತ್ತದೆ. ಅಲ್ಲಿ 25 ಪಾಯಿಂಟಿನ ಡೈನಾಮಿಕ್, ಅಂದರೆ ನೀವು ಆರಿಸಿದ ಒಂದು ಪಾಯಿಂಟಿಗೆ ಸುತ್ತಲಿನವು ನೆರವಾಗುವ ಆಯ್ಕೆ. ಇನ್ನೊಂದು ಮುಖ್ಯವಾದದ್ದು, ನಡುವೆ ಏನಾದರೂ ಅಡ್ಡ ಬಂದರೆ ಫೋಕಸ್ ಎಷ್ಟು ಹೊತ್ತು ಕಾಯಬೇಕು ಅನ್ನುವ ಆಯ್ಕೆ. 1ರಿಂದ 5ರವರೆಗೆ ಇದೆ. ತೋಟದೊಳಗೆ ನಾಯಿ ಓಡಿದರೆ ಎರಡೆರಡು ಹೆಜ್ಜೆಗೆ ಅಡಿಕೆ ಮರ ಅಡ್ಡ ಬರುತ್ತದೆ ಅಲ್ವಾ? ಅಲ್ಲಿ 5 ಇಟ್ಟರೆ ಕ್ಯಾಮೆರಾ ಮರಕ್ಕೆ ಹಾರದೆ ನಾಯಿಗಾಗಿ ಕಾಯುತ್ತದೆ. ಲೆನ್ಸಿನ ಪಕ್ಕದಲ್ಲಿ 5 ಮೀಟರ್‌ನಿಂದ ಆಚೆಗೆ ಮಾತ್ರ ಫೋಕಸ್ ಹುಡುಕು ಅನ್ನುವ ಒಂದು ಸ್ವಿಚ್ ಇದೆ. ಕುದುರೆ ಫೋಟೋಗೆ ಅದನ್ನು ಯಾವಾಗಲೂ ಹಾಕಿಡಿ.

ಈಗ ಸೆಕೆಂಡಿಗೆ 10 ಫೋಟೋ ಅನ್ನುವ ವಿಷಯ. ಒತ್ತಿ ಹಿಡಿದರೆ ಸಾಕು, ಒಂದಾದರೂ ಒಳ್ಳೆಯದು ಸಿಗುತ್ತದೆ ಅಂತ ಹೊಸಬರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿ. ಆ 40 ಕಿಲೋಮೀಟರ್ ವೇಗದ ನಾಯಿ ಒಂದು ಫೋಟೋಗೂ ಮುಂದಿನ ಫೋಟೋಗೂ ನಡುವೆ ಒಂದು ಮೀಟರ್‌ಗಿಂತ ಜಾಸ್ತಿ ಓಡಿರುತ್ತದೆ. ಜೋರಾಗಿ ಓಡುವ ನಾಯಿಯ ನಾಲ್ಕೂ ಕಾಲು ಸೆಕೆಂಡಿಗೆ ಮೂರು ಸುತ್ತಿನಷ್ಟು ಬರುತ್ತವೆ. ಅಂದರೆ ಒಂದು ಸುತ್ತಿಗೆ ನಿಮಗೆ ಸಿಗುವುದು ಮೂರು ಫೋಟೋ. ಚಂದದ ಭಂಗಿ ಆ ಮೂರರ ನಡುವಿನ ಸಂದಿಯಲ್ಲಿ ಬಂದು ಹೋದರೆ ಏನೂ ಮಾಡಲಾಗದು. ಕುದುರೆಯದ್ದು ನಾಗಾಲೋಟದಲ್ಲೂ ಸೆಕೆಂಡಿಗೆ ಎರಡು ಸುತ್ತಿನ ಆಸುಪಾಸು, ಹಾಗಾಗಿ ಅಲ್ಲಿ ಸ್ವಲ್ಪ ಅನುಕೂಲ. ಕ್ಯಾಮೆರಾ ಎಷ್ಟೇ ವೇಗದ್ದಾಗಲಿ, ಓಟದ ತಾಳ ತಿಳಿದವನ ಕೈಯಲ್ಲೇ ಅದು ಕೆಲಸ ಮಾಡುವುದು.

ಆ ತಾಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕ್ಯಾಮೆರಾ ವಿಮರ್ಶೆಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ. ಹಳೆಯ ಚಿತ್ರಗಳಲ್ಲಿ ಓಡುವ ಕುದುರೆಯನ್ನು ಮುಂಗಾಲು ಮುಂದೆ, ಹಿಂಗಾಲು ಹಿಂದೆ ಚಾಚಿ ಗಾಳಿಯಲ್ಲಿ ತೇಲುವ ಹಾಗೆ ಬರೆಯುತ್ತಿದ್ದರು. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಅನ್ನುವವರು ಸಾಲಾಗಿ ಕ್ಯಾಮೆರಾಗಳನ್ನು ನಿಲ್ಲಿಸಿ ಓಡುವ ಕುದುರೆಯ ಫೋಟೋ ತೆಗೆದಾಗ ಗೊತ್ತಾಯಿತು, ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಕಾಲು ಚಾಚಿದಾಗ ಅಲ್ಲ. ಹೊಟ್ಟೆಯ ಕೆಳಗೆ ಮಡಚಿಕೊಂಡಾಗ. ನಾಯಿಯ ವಿಷಯ ಬೇರೆ. ಪೂರ್ತಿ ವೇಗದಲ್ಲಿ ಓಡುವ ನಾಯಿ ಒಂದು ಸುತ್ತಿನಲ್ಲಿ ಎರಡು ಸಲ ನೆಲ ಬಿಡುತ್ತದೆ. ಒಮ್ಮೆ ಕಾಲು ಮಡಚಿದಾಗ, ಇನ್ನೊಮ್ಮೆ ಪೂರ್ತಿ ಚಾಚಿದಾಗ. ಮುಧೋಳ ನಾಯಿಯಲ್ಲಿ ಇದನ್ನು ನೋಡಬೇಕು. ಬಾಗಲಕೋಟೆ ಜಿಲ್ಲೆಯ ಆ ಬೇಟೆ ನಾಯಿ ಕಣ್ಣಿನಿಂದಲೇ ಬೇಟೆಯನ್ನು ಕಂಡು ಅಟ್ಟಿ ಹಿಡಿಯುವ ಜಾತಿಯದು. ಬೆನ್ನು ಬಿಲ್ಲಿನ ಹಾಗೆ ಬಗ್ಗಿ, ಮತ್ತೆ ನೆಟ್ಟಗಾಗಿ, ನೆಲಕ್ಕೆ ತಾಗುವುದೇ ಇಲ್ಲವೇನೋ ಅನ್ನಿಸುತ್ತದೆ. ನನಗೆ ಈ ಕೆಲಸದಲ್ಲಿ ಇಷ್ಟು ಸಂತೋಷ ಕೊಡುವ ಇನ್ನೊಂದು ಪ್ರಾಣಿ ಇಲ್ಲ.

ಕುದುರೆಗೆ ಕಣ್ಣಿಗಿಂತ ಕಿವಿ ಸಹಾಯ ಮಾಡುತ್ತದೆ. ಟ್ರಾಟ್‌ನಲ್ಲಿ, ಅಂದರೆ ಸಣ್ಣ ಓಟದಲ್ಲಿ, ಗೊರಸಿನ ಸದ್ದು ಎರಡು ಪೆಟ್ಟು, ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ. ಅದಕ್ಕಿಂತ ಜೋರಿನ ಕ್ಯಾಂಟರ್‌ನಲ್ಲಿ ಮೂರು ಪೆಟ್ಟು, ಆಮೇಲೆ ಒಂದು ಬಿಡುವು. ನಾಗಾಲೋಟದಲ್ಲಿ ನಾಲ್ಕು ಪೆಟ್ಟು, ಆಮೇಲೆ ಬಿಡುವು. ಆ ಬಿಡುವಿನಲ್ಲೇ ಕುದುರೆ ಗಾಳಿಯಲ್ಲಿರುವುದು. ಬಿಡುವು ಕೇಳಿದ ಮೇಲೆ ಒತ್ತಿದರೆ ತಡವಾಯಿತು. ಕೊನೆಯ ಪೆಟ್ಟಿನ ಜೊತೆಗೇ ಒತ್ತಬೇಕು. ಡಿ500ರ ಬಟನ್ ಈ ವಿಷಯದಲ್ಲಿ ತುಂಬಾ ಚುರುಕು, ಬೆರಳು ಒತ್ತಿದ್ದಕ್ಕೂ ಶಟರ್ ಬಿದ್ದದ್ದಕ್ಕೂ ನಡುವೆ ತಡ ಅನ್ನಿಸುವುದೇ ಇಲ್ಲ. ಕೊಯ್ಲಾದ ಗದ್ದೆಯಲ್ಲಿ ಗೊರಸಿನ ಸದ್ದು ಮೆತ್ತಗೆ ಕೇಳುತ್ತದೆ, ಗಟ್ಟಿ ಮಣ್ಣಿನ ರಸ್ತೆಯಲ್ಲಿ ಚೆನ್ನಾಗಿ ಕೇಳುತ್ತದೆ. ಅಭ್ಯಾಸಕ್ಕೆ ರಸ್ತೆಯೇ ಒಳ್ಳೆಯದು.

ದೂರದ ಲೆಕ್ಕವೂ ಹೇಳಬೇಕು. ಸೆನ್ಸರ್ ಚಿಕ್ಕದಾದ್ದರಿಂದ ಡಿ500ರ ಮೇಲೆ ಈ ಲೆನ್ಸ್ 105-300ರ ಹಾಗೆ ಕೆಲಸ ಮಾಡುತ್ತದೆ. 200ಕ್ಕೆ ತಿರುಗಿಸಿದಾಗ 10 ಮೀಟರ್ ದೂರದಲ್ಲಿ ಫ್ರೇಮಿನ ಅಗಲ ಒಂದು ಮೀಟರ್ ಚಿಲ್ಲರೆ, ಅಡ್ಡ ನಿಂತ ನಾಯಿಗೆ ಸರಿಯಾಗುತ್ತದೆ. ಅಡ್ಡ ಓಡುವ ಕುದುರೆಗೆ 25 ರಿಂದ 30 ಮೀಟರ್ ದೂರ ನಿಲ್ಲಬೇಕು, ಆಗಲೇ ಮುಂದೆ ಸ್ವಲ್ಪ ಜಾಗ ಉಳಿಯುವುದು. ಅಷ್ಟು ದೂರ ನಮಗೂ ಕ್ಷೇಮ, ಕುದುರೆಗೂ ಗಾಬರಿ ಇಲ್ಲ. ಕುದುರೆಯ ದಾರಿಯಲ್ಲಿ ಮಲಗಿ ಫೋಟೋ ತೆಗೆಯುವ ಸಾಹಸ ಯಾರೂ ಮಾಡಬೇಡಿ. ಸವಾರನೂ ಬೀಳುತ್ತಾನೆ.

ಕಿವಿ ಅಂದೆನಲ್ಲ, ಕುದುರೆಯ ಕಿವಿಯೂ ಅಷ್ಟೇ ಮುಖ್ಯ. ಕಿವಿ ಹಿಂದಕ್ಕೆ ಮಡಚಿದ ಕುದುರೆಯ ಫೋಟೋ ಎಷ್ಟೇ ಚೂಪಾಗಿ ಬಂದರೂ ಸಾಕಿದವರಿಗೆ ಬೇಡ. ಅವರಿಗೆ ಅದು ಸಿಟ್ಟಿನ ಮುಖ. ತುದಿ ಒಳಕ್ಕೆ ಬಾಗಿದ ಮಾರ್ವಾಡಿ ಕುದುರೆಯ ಕಿವಿಯಂತೂ ಮುಂದಕ್ಕೆ ನಿಂತರೆ ಒಂದಕ್ಕೊಂದು ತಾಗಿ ಕಮಾನು ಆಗುತ್ತದೆ, ಅದನ್ನು ಬಿಟ್ಟರೆ ಆ ಕುದುರೆಯ ಅರ್ಧ ಚಂದ ಹೋಯಿತು. ನಾನು ಸಾಕಿದವರಿಗೆ ಹೇಳುವುದು ಒಂದೇ, "ಅಣ್ಣಾ, ನನ್ನ ಹಿಂದೆ ನಿಂತು ಹುರುಳಿ ಡಬ್ಬ ಅಲ್ಲಾಡಿಸಿ." ಆ ಸದ್ದಿಗೆ ಎರಡೂ ಕಿವಿ ಮುಂದೆ ಬರುತ್ತವೆ. ಡಿ500ರ ಶಟರ್ ಸದ್ದು ಸಣ್ಣದಲ್ಲ, ಅಂಜುವ ಕುದುರೆ ಮೊದಲ ಸಲ ಬೆಚ್ಚುತ್ತದೆ. ಮೆಲ್ಲಗೆ ಸದ್ದು ಮಾಡುವ ಕ್ವಯಟ್ ಮೋಡ್ ಒಂದಿದೆ, ಆದರೆ ಅದರಲ್ಲಿ ವೇಗ ಕಡಿಮೆ. ಓಡಿಸುವ ಮೊದಲು ಕುದುರೆಯ ಹತ್ತಿರ ಸುಮ್ನೆ ಒಂದಷ್ಟು ಕ್ಲಿಕ್ ಮಾಡಿ ಕೇಳಿಸಿಬಿಡುವುದು ನನ್ನ ರೂಢಿ.

ನಾಯಿಗೆ ಹಾಗಲ್ಲ. ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು, ಅಂದರೆ ನೆಲಕ್ಕೆ ಮಲಗಬೇಕು. ಡಿ500ರ ಹಿಂದಿನ ಪರದೆ ಮೇಲಕ್ಕೆ ಎತ್ತಲು ಬರುತ್ತದೆ, ಆದರೆ ಪರದೆ ನೋಡಿಕೊಂಡು ತೆಗೆದರೆ ಫೋಕಸ್ ನಿಧಾನ. ಓಡುವ ನಾಯಿಗೆ ಅದು ಆಗದು. ಕಣ್ಣು ವ್ಯೂಫೈಂಡರ್‌ಗೆ ಇಟ್ಟೇ ತೆಗೆಯಬೇಕು. ಒಂದು ಅಗಲದ ಅಡಿಕೆ ಹಾಳೆ ಹಾಸಿ ಮೊಣಕೈ ಊರಿದರೆ ಕೆಸರೂ ತಾಗುವುದಿಲ್ಲ, ಲೆನ್ಸಿಗೂ ಆಸರೆ. ಇದಕ್ಕಿಂತ ಒಳ್ಳೆಯ ಸ್ಟ್ಯಾಂಡ್ ನನಗೆ ಅಂಗಡಿಯಲ್ಲಿ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಬ್ಯಾಣದ, ಅಂದರೆ ಹುಲ್ಲುಗಾವಲಿನ, ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗುವ ಡಿಸೆಂಬರ್‌ನಿಂದ ಮೇವರೆಗೆ ನಾಯಿ ಫೋಟೋಗೆ ಬೆಳಕೂ ಚಂದ, ಹಿನ್ನೆಲೆಯೂ ಚಂದ. ಅದೇ ತಿಂಗಳುಗಳಲ್ಲಿ ಕಾಡಿನ ಅಂಚಿನಲ್ಲಿ ಉಣುಗು, ಅಂದರೆ ರಕ್ತ ಹೀರುವ ಉಣ್ಣಿ, ಜಾಸ್ತಿ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಅದನ್ನು ಮೊದಲು ಗುರುತಿಸಿದ್ದು ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹುಲ್ಲಿನಲ್ಲಿ ಮಲಗುವ ಕೆಲಸ ನಮ್ಮದು. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಉದ್ದ ತೋಳಿನ ಅಂಗಿ ಹಾಕಿ, ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಕುದಿನೀರಿಗೆ ಹಾಕಿ. ನಾಯಿಯ ಮೈಮೇಲೂ ಹುಡುಕಲು ಸಾಕಿದವರಿಗೆ ಹೇಳಿ. ಮಳೆಗಾಲದ ಉಂಬಳ (ಜಿಗಣೆ) ಇದರ ಮುಂದೆ ಏನೂ ಅಲ್ಲ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಕರಿ ನಾಯಿ ಫ್ರೇಮ್ ತುಂಬಿದರೆ ಕ್ಯಾಮೆರಾ ಅದನ್ನು ಬೂದಿ ಬಣ್ಣ ಮಾಡಲು ನೋಡುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಬಿಳಿ ಕುದುರೆಗೆ ಏರಿಸಿ. ಬಿಸಿಲಿನಲ್ಲಿ ಬಿಳಿ ಕುದುರೆಯ ಬೆನ್ನು ಸುಟ್ಟುಹೋಗದಂತೆ ಕಾಯುವ ಹೈಲೈಟ್ ಮೀಟರಿಂಗ್ ಈ ಕ್ಯಾಮೆರಾದಲ್ಲಿದೆ, ಬಳಸಿ. ಸಂಜೆ ಮೆರವಣಿಗೆಯ ಕುದುರೆಗೆ ಶಟರ್ 1/40ಕ್ಕೆ ಇಳಿಸಿ ಜೊತೆಜೊತೆಗೆ ತಿರುಗುತ್ತಾ ತೆಗೆಯುವಾಗ ವಿಆರ್ ನಾರ್ಮಲ್‌ನಲ್ಲಿರಲಿ. ಹಗಲಿನ ಓಟಕ್ಕೆ ವಿಆರ್ ಬೇಕಿಲ್ಲ.

ತೂಕ. ಕ್ಯಾಮೆರಾ 860 ಗ್ರಾಂ, ಲೆನ್ಸ್ 1540 ಗ್ರಾಂ, ಒಟ್ಟು 2.4 ಕಿಲೋ. ಒಂದು ಮಧ್ಯಾಹ್ನ ಕೈಯಲ್ಲಿ ಹಿಡಿದರೆ ಭುಜಕ್ಕೆ ಗೊತ್ತಾಗುತ್ತದೆ. ಕುತ್ತಿಗೆ ಪಟ್ಟಿ ಬೇಡ, ಅಡ್ಡ ಹಾಕುವ ಪಟ್ಟಿ ತೆಗೆದುಕೊಳ್ಳಿ. ಬ್ಯಾಟರಿ ಮಾತ್ರ ಅದ್ಭುತ. ಒಂದು ಚಾರ್ಜಿಗೆ 1240 ಫೋಟೋ ಅಂತ ನಿಕಾನ್ ಹೇಳುತ್ತದೆ, ಸಾಲು ಸಾಲಾಗಿ ತೆಗೆಯುವಾಗ ಅದಕ್ಕಿಂತಲೂ ಜಾಸ್ತಿ ಬರುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇರದ ಹಳ್ಳಿಯಲ್ಲಿ ಇದು ದೊಡ್ಡ ಸಮಾಧಾನ.

ಕೊರತೆಗಳೂ ಇವೆ. ಒಳಗೆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು, ಉದಾಹರಣೆಗೆ 2023ರ ನಿಕಾನ್ ಝಡ್8, ಪ್ರಾಣಿಯ ಕಣ್ಣನ್ನು ತಾವೇ ಹುಡುಕಿ ಹಿಡಿಯುತ್ತವೆ, ಸದ್ದೂ ಮಾಡುವುದಿಲ್ಲ. ಡಿ500ಕ್ಕೆ ಅದು ಬರುವುದಿಲ್ಲ, ಪಾಯಿಂಟ್ ಕಣ್ಣಿನ ಮೇಲೆ ಇಡುವ ಕೆಲಸ ನಿಮ್ಮ ಹೆಬ್ಬೆರಳಿನದು. ಲೆನ್ಸಿನ ಒಂದು ಗುಣವೂ ತಿಳಿದಿರಲಿ. ನಾಯಿ ತೀರಾ ಹತ್ತಿರ ಬಂದಾಗ 200ರಲ್ಲಿದ್ದರೂ ಚಿತ್ರ 200ರಷ್ಟು ದೊಡ್ಡದಾಗಿ ಕಾಣುವುದಿಲ್ಲ. ಮುಖದ ಫೋಟೋಗೆ ಇದು ತೊಂದರೆ, ಓಟಕ್ಕೆ ಅಲ್ಲ. ದುಡ್ಡಿದ್ದವರು ಖಂಡಿತ ಝಡ್8 ತೆಗೆದುಕೊಳ್ಳಲಿ. ಇದೇ ಲೆನ್ಸನ್ನು ಎಫ್‌ಟಿಝಡ್ 2 ಅಡಾಪ್ಟರ್ ಹಾಕಿ ಅದಕ್ಕೂ ಜೋಡಿಸಬಹುದು. ಹಾಗಾಗಿ ಎರಡರಲ್ಲಿ ಒಂದಕ್ಕೇ ದುಡ್ಡಿದ್ದರೆ ಮೊದಲು ಲೆನ್ಸ್ ಕೊಳ್ಳಿ.

ಕೊಳ್ಳುವಾಗ ಒಂದು ಟಾರ್ಚ್ ಜೇಬಿನಲ್ಲಿರಲಿ. ಲೆನ್ಸಿನ ಒಂದು ಕಡೆಯಿಂದ ಬೆಳಕು ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ. ನಮ್ಮ ಕಡೆಯ ಹವೆಗೆ ಅದು ಇನ್ನಷ್ಟು ಬೆಳೆಯುತ್ತದೆ. ಒಳ್ಳೆಯ ಲೆನ್ಸ್ ತಂದ ಮೇಲೂ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ, ಬೀರುವಿನಲ್ಲಿ ಇಡಬೇಡಿ. ದುಡ್ಡಿದ್ದರೆ ಡ್ರೈ ಕ್ಯಾಬಿನೆಟ್. ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್. 40ರಿಂದ 50 ಶೇಕಡ ಇದ್ದರೆ ಸರಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ಹಾಕಬಹುದು, ಆ ಬಾಣಲೆ ಅಡುಗೆಗೆ ಬಳಸಬೇಡಿ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗಿರುತ್ತದೆ ಅನ್ನುವ ಹಿರಿಯರಿದ್ದಾರೆ. ಮೆಣಸಿಗೆ, ಬೀಜಕ್ಕೆ ಅದು ಒಳ್ಳೆಯದೇ. ಲೆನ್ಸಿಗೆ ಹೊಗೆ ಆಗದು.

ಕ್ಯಾಮೆರಾದಲ್ಲಿ ನೋಡಬೇಕಾದ್ದು ಎಷ್ಟು ಫೋಟೋ ತೆಗೆದಿದೆ ಅನ್ನುವುದು. ಶಟರನ್ನು ನಿಕಾನ್ 2 ಲಕ್ಷ ಸಲಕ್ಕೆ ಪರೀಕ್ಷೆ ಮಾಡಿದೆ. ಮದುವೆಯವರು ಬಳಸಿದ ಕ್ಯಾಮೆರಾ ಆದರೆ ಅದರ ಹತ್ತಿರ ಹೋಗಿರುವುದುಂಟು. ಒಂದು ಫೋಟೋ ತೆಗೆದು, ಆ ಫೈಲಿನಲ್ಲಿ ಸಂಖ್ಯೆ ನೋಡಿಯೇ ದುಡ್ಡು ಕೊಡಿ.

ಕೊನೆಗೆ ಫೋಟೋ ಉಳಿಸುವ ಮೆಮೊರಿ ಕಾರ್ಡ್. ಡಿ500ರಲ್ಲಿ ಎರಡು ಕಿಂಡಿ, ಒಂದು ಎಸ್‌ಡಿ, ಇನ್ನೊಂದು ಎಕ್ಸ್‌ಕ್ಯೂಡಿ. ಎಕ್ಸ್‌ಕ್ಯೂಡಿ ಹಾಕಿದರೆ ಸಂಸ್ಕರಿಸದ, ದೊಡ್ಡ ಗಾತ್ರದ ರಾ ಫೈಲಿನಲ್ಲೂ ಒಂದೇ ಉಸಿರಿಗೆ 200 ಫೋಟೋ ತೆಗೆಯಬಹುದು, ಕ್ಯಾಮೆರಾ ನಿಲ್ಲುವುದಿಲ್ಲ. ಆದರೆ ಆ ಕಾರ್ಡ್ ಈಗ ಹುಡುಕುವುದು ಕಷ್ಟ, ಶಿವಮೊಗ್ಗದಲ್ಲಿ ಕೇಳಿದರೆ ತರಿಸಿಕೊಡಬೇಕು ಅನ್ನುತ್ತಾರೆ. 2020ರಲ್ಲಿ ನಿಕಾನ್ ಕೊಟ್ಟ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹಾಕಿದರೆ ಅದೇ ಕಿಂಡಿಯಲ್ಲಿ ಸಿಎಫ್‌ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್ ನಡೆಯುತ್ತದೆ, ಅದು ಸುಲಭವಾಗಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಮನೆಗೆ ತಂದ ದಿನವೇ ಮೆನುವಿನಲ್ಲಿ ಫರ್ಮ್‌ವೇರ್ ಯಾವುದಿದೆ ನೋಡಿ. 1.30ಕ್ಕಿಂತ ಹಳೆಯದಿದ್ದರೆ ನಿಕಾನ್ ವೆಬ್‌ಸೈಟಿನಿಂದ ಇಳಿಸಿಕೊಂಡು ಹಾಕಿ. ಆಮೇಲೆ ಕಾರ್ಡ್ ಕೊಳ್ಳಿ.